ಒಂದೂವರೆ ಟಿಕೇಟಿನ ಪ್ರವಾಸ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಸಂಸಾರಸ್ಥರಿಗೆ ಮೂರು ದಿನಗಳ ರಜೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದೂ ಅದೇ ಹಿರಿಯರ ಮಾತು. ಪರೀಕ್ಷೆ ಮುಗಿದು ಶಾಲೆಯ ಬಾಗಿಲಿಗೆ ಬೀಗ ಬಿದ್ದ ದಿನ ಮಧ್ಯಮ ವರ್ಗದ ಗೃಹಸ್ಥನು ಈ ಎರಡು ಗಾದೆಗಳ ನಡುವೆ ಸಿಕ್ಕಿಬೀಳುತ್ತಾನೆ. ನೆರೆಮನೆಯವರು ಊಟಿಗೆ ಹೊರಟಿದ್ದಾರೆ. ಎದುರುಮನೆಯವರು ಕಾಶ್ಮೀರದ ಮಾತನಾಡುತ್ತಾರೆ. ಮಕ್ಕಳು ತಂದೆಯ ಮುಖವನ್ನು ನೋಡುತ್ತಾರೆ. ತಂದೆ ಗೋಡೆಯ ಕ್ಯಾಲೆಂಡರನ್ನು ನೋಡುತ್ತಾನೆ. ಕೊನೆಗೆ “ಮುಂದಿನ ವರ್ಷ ನೋಡೋಣ” ಎಂಬ ತೀರ್ಪು ಹೊರಬೀಳುತ್ತದೆ.

ಈ “ಮುಂದಿನ ವರ್ಷ” ಎಂಬುದು ಬಹು ದುಬಾರಿಯಾದ ಮಾತು. ಮಗುವಿಗೆ ಆರು ತುಂಬಿದಂದಿನಿಂದ ಹದಿನಾರು ತುಂಬುವವರೆಗೆ ದೊರೆಯುವುದು ಹತ್ತೇ ಬೇಸಗೆಯ ರಜೆಗಳು. ಮೊದಲಿನ ಒಂದೆರಡು ವರ್ಷ ಮಗುವಿಗೆ ನೆನಪು ಉಳಿಯುವುದು ಕಡಮೆ. ಕೊನೆಯ ಒಂದೆರಡು ವರ್ಷಗಳನ್ನು ಪರೀಕ್ಷೆಯ ಪಾಠಗಳು ನುಂಗಿಬಿಡುತ್ತವೆ. ನಡುವೆ ಉಳಿಯುವ ಆರೇಳು ರಜೆಗಳಲ್ಲಿ ಮೂರನ್ನು ಮುಂದೂಡಿದರೆ ಆ ಸಂಸಾರದ ಪ್ರವಾಸಗಳಲ್ಲಿ ಅರ್ಧ ತೀರಿಹೋದಂತೆಯೇ. ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇದ್ದರಂತೂ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಗಾಣಗಾಪುರದ ದರ್ಶನವೊಂದು ಆಗಬೇಕೆಂದು ಆಕೆ ಹತ್ತು ವರ್ಷಗಳಿಂದ ಹೇಳುತ್ತಿರಬಹುದು. ಆದರೆ ಮೊಣಕಾಲು ಯಾರಿಗಾಗಿಯೂ ಹತ್ತು ವರ್ಷ ಕಾಯುವುದಿಲ್ಲ.

ಇನ್ನೊಂದು ತೆರನಾದ ಗೃಹಸ್ಥರೂ ಇದ್ದಾರೆ. ಅವರು ಮುಂದೂಡುವುದಿಲ್ಲ, ಸಾಲ ಮಾಡುತ್ತಾರೆ. ನಾಲ್ಕು ದಿನ ಗಿರಿಧಾಮದಲ್ಲಿದ್ದು ಬಂದು ಮುಂದಿನ ಹತ್ತು ತಿಂಗಳು ಕಂತು ಕಟ್ಟುತ್ತಾರೆ. ಪ್ರವಾಸದ ಭಾವಚಿತ್ರಗಳು ಗೋಡೆಯ ಮೇಲೆ ನಗುತ್ತಿದ್ದರೆ, ಅದರ ಕೆಳಗೆ ಕುಳಿತ ದಂಪತಿಗಳು ಹಾಲಿನವನ ಲೆಕ್ಕಕ್ಕಾಗಿ ಜಗಳವಾಡುತ್ತಿರುತ್ತಾರೆ. ಇಂಥ ರಜೆಯಿಂದ ಬಂದ ವಿಶ್ರಾಂತಿ ಎಷ್ಟು ದಿನ ಉಳಿದೀತು?

ವಿರಾಮವು ಧನಿಕರ ಸ್ವತ್ತಲ್ಲ ಎಂಬುದನ್ನು ಜಗತ್ತು ಬಹಳ ಹಿಂದೆಯೇ ಒಪ್ಪಿಕೊಂಡಿದೆ. 1936ರಲ್ಲಿ ಫ್ರಾನ್ಸ್ ದೇಶದ ಸರ್ಕಾರ ಕೂಲಿಕಾರರೆಲ್ಲರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯನ್ನು ಕಾನೂನಿನಿಂದಲೇ ಕೊಟ್ಟಿತು. ರಜೆಯೇನೋ ಬಂತು, ಹೋಗುವುದು ಹೇಗೆ? ಅದಕ್ಕೆಂದು ಅಲ್ಲಿಯ ಮಂತ್ರಿ ಲಿಯೊ ಲಗ್ರಾಂಜ್ ಅದೇ ವರ್ಷ ರೈಲು ದರದಲ್ಲಿ ನೂರಕ್ಕೆ ನಲವತ್ತರ ರಿಯಾಯಿತಿಯುಳ್ಳ ಟಿಕೇಟನ್ನು ಏರ್ಪಡಿಸಿದ. ಸಮುದ್ರವನ್ನೇ ಕಾಣದಿದ್ದ ಎಷ್ಟೋ ಕುಟುಂಬಗಳು ಆ ಬೇಸಗೆಯಲ್ಲಿ ಮೊದಲ ಸಲ ಸಮುದ್ರವನ್ನು ಕಂಡವು. ರಜೆ ಮತ್ತು ಟಿಕೇಟು, ಇವೆರಡು ಕೂಡಿದಾಗಲೇ ಪ್ರವಾಸವೆಂಬ ತತ್ತ್ವ ಅಲ್ಲಿ ಸ್ಪಷ್ಟವಾಯಿತು. ಕರ್ನಾಟಕದ ಸಂಸಾರಸ್ಥರಿಗೂ ಈಗ ಅಂಥದೊಂದು ಅನುಕೂಲ ಒದಗಿದೆ. ಅದನ್ನು ಪೂರ್ತಿಯಾಗಿ ಬಳಸಿಕೊಳ್ಳುವ ಲೆಕ್ಕವನ್ನು ಹಾಕಿದವರು ಮಾತ್ರ ಕಡಮೆ.

ಖರ್ಚಿನ ಮೂಲಗಳು ಮೂರು

ಪ್ರವಾಸದ ಖರ್ಚನ್ನು ನಿರ್ಧರಿಸುವವು ಮೂರೇ ಸಂಗತಿಗಳು: ದೂರ, ರಾತ್ರಿ ಮತ್ತು ಋತು. ದೂರ ಹೆಚ್ಚಿದಷ್ಟೂ ಟಿಕೇಟು ಹೆಚ್ಚು. ಬಾಡಿಗೆಯ ಕೋಣೆಯಲ್ಲಿ ಕಳೆದ ಒಂದೊಂದು ರಾತ್ರಿಗೂ ಒಂದೊಂದು ಬೆಲೆ. ಎಲ್ಲರೂ ಹೊರಡುವ ಕಾಲದಲ್ಲಿ ಹೊರಟರೆ ಎಲ್ಲದಕ್ಕೂ ಏರಿದ ಬೆಲೆ. ಈ ಮೂರನ್ನು ಹತೋಟಿಯಲ್ಲಿಟ್ಟುಕೊಂಡವನು ಊಟದ ತಟ್ಟೆಯಲ್ಲಿ ಕೈ ಬಿಗಿಹಿಡಿಯಬೇಕಾದ ಅಗತ್ಯ ಬೀಳುವುದಿಲ್ಲ. ಆದರೆ ಹೆಚ್ಚಿನವರು ಇದಕ್ಕೆ ತಿರುಗುಮುರುಗಾಗಿ ನಡೆಯುತ್ತಾರೆ. ದೂರದ ಊರು, ಐದು ರಾತ್ರಿ, ಜನಸಂದಣಿಯ ಕಾಲ ಇವನ್ನು ಮೊದಲೇ ಗೊತ್ತುಮಾಡಿಕೊಂಡು, ಅಲ್ಲಿಗೆ ಹೋದ ಮೇಲೆ ಮಕ್ಕಳಿಗೆ ಎಳನೀರು ಕೊಡಿಸಲು ಹಿಂದುಮುಂದು ನೋಡುತ್ತಾರೆ.

ಈ ಮೂರೂ ಅಂಶಗಳನ್ನು ಒಂದು ನಿಜವಾದ ಸೀಮೆಗೆ ಅನ್ವಯಿಸಿ ನೋಡಿದರೆ ವಿಷಯ ತಿಳಿಯಾಗುತ್ತದೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಪ್ರವಾಸಿಗರ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳುವವಲ್ಲ. ಅಲ್ಲಿ ಮಂಜು ಮುಸುಕಿದ ಬೆಟ್ಟಗಳಿಲ್ಲ, ದೋಣಿವಿಹಾರದ ಕೆರೆಗಳಿಲ್ಲ. ಕಣ್ಣು ಹರಿಯುವಷ್ಟು ದೂರ ಕಪ್ಪು ಎರೆಭೂಮಿ, ಅದರ ಮೇಲೆ ಜೋಳ ಮತ್ತು ತೊಗರಿ. ಆ ಭೂಮಿಯನ್ನು ಸೀಳಿಕೊಂಡು ಎರಡು ನದಿಗಳು ಹರಿಯುತ್ತವೆ. ಆಳಂದ ಸೀಮೆಯ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರವನ್ನು ಮುಟ್ಟಿ ಬಂದ ಆ ಭೀಮೆ ಮುಂದೆ ಜೇವರ್ಗಿಯ ಎಲ್ಲೆಯನ್ನು ಹಾದು ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಯ ಒಡಲು ಸೇರುತ್ತದೆ. ಈ ನೀರಿನ ಜಾಡನ್ನೇ ಹಿಡಿದು ಮೂರು ದಿನ ತಿರುಗಿದರೆ ಒಂದು ಸಂಸಾರಕ್ಕೆ ತೃಪ್ತಿಯಾಗುವಷ್ಟು ನೋಟವೂ ಕಥೆಯೂ ದೊರೆಯುತ್ತವೆ.

ದೂರದ ಲೆಕ್ಕವೂ ಸುಲಭ. ಕಲಬುರಗಿ ನಗರದಿಂದ ಆಳಂದ, ಗಾಣಗಾಪುರ, ಜೇವರ್ಗಿ ಮೂರೂ ಸುಮಾರು 40 ಕಿಲೋಮೀಟರುಗಳ ಆಸುಪಾಸಿನಲ್ಲಿವೆ. ಕಲಬುರಗಿಯು ಗಾಲಿಯ ಗುಂಬದಂತೆ. ಈ ಮೂರು ಊರುಗಳು ಅದರಿಂದ ಹೊರಟ ಅರೆಕಾಲುಗಳಂತೆ. ಆದುದರಿಂದ ದಿನಕ್ಕೊಂದು ಊರಿನಲ್ಲಿ ಕೋಣೆ ಹಿಡಿಯುವ ಗೋಜಿಲ್ಲ. ನಗರದಲ್ಲಿ ಒಂದೇ ಕಡೆ ಗಂಟುಮೂಟೆಗಳನ್ನಿರಿಸಿ, ಬೆಳಗ್ಗೆ ಹೊರಟು ಸಂಜೆಗೆ ಮರಳಬಹುದು.

ನಾಲ್ಕು ಒಂದೂವರೆಯಾದ ಬಗೆ

ಐದು ಜನರ ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಗೃಹಸ್ಥ, ಗೃಹಿಣಿ, ಗೃಹಸ್ಥನ ತಾಯಿ, ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ. ಹಳೆಯ ಲೆಕ್ಕದಂತೆ ಸರ್ಕಾರಿ ಬಸ್ಸಿನಲ್ಲಿ ಹಿರಿಯರು ಮೂವರಿಗೆ ಮೂರು ಟಿಕೇಟು, ಮಕ್ಕಳಿಬ್ಬರಿಗೆ ಎರಡು ಅರ್ಧ ಟಿಕೇಟು, ಒಟ್ಟು ನಾಲ್ಕು. 2023ರ ಜೂನ್ 11ರಂದು ರಾಜ್ಯ ಸರ್ಕಾರ ಶಕ್ತಿ ಯೋಜನೆಯನ್ನು ಆರಂಭಿಸಿ, ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣವನ್ನು ಕೊಟ್ಟಿತು. ಅಂದಮೇಲೆ ಅಜ್ಜಿಗೆ, ಗೃಹಿಣಿಗೆ, ಮಗಳಿಗೆ ಹಣದ ಟಿಕೇಟಿಲ್ಲ. ಗೃಹಸ್ಥನಿಗೆ ಒಂದು, ಮಗನಿಗೆ ಅರ್ಧ. ನಾಲ್ಕು ಟಿಕೇಟಿನ ಸಂಸಾರ ಒಂದೂವರೆ ಟಿಕೇಟಿನ ಸಂಸಾರವಾಯಿತು!

ಆದರೆ ಮರೆಯಬಾರದ ಅಂಶಗಳು ಮೂರಿವೆ. ಕರ್ನಾಟಕದ ನಿವಾಸಿ ಎಂಬುದನ್ನು ತೋರಿಸುವ ಗುರುತಿನ ಚೀಟಿ ಜೊತೆಯಲ್ಲಿರಬೇಕು. ನಿರ್ವಾಹಕನು ಕೊಡುವ ಶೂನ್ಯ ದರದ ಚೀಟಿಯನ್ನು ಇಳಿಯುವವರೆಗೆ ಜೋಪಾನವಾಗಿಡಬೇಕು. ರಾಜಹಂಸ, ಮಲಗುವ ಬಸ್ಸು, ಹವಾನಿಯಂತ್ರಿತ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ. ಈ ಭಾಗದಲ್ಲಿ ಬಸ್ಸುಗಳನ್ನು ಓಡಿಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಬೆಳಗಿನ ಮೊದಲ ಬಸ್ಸುಗಳಲ್ಲಿ ಕೂರಲು ಜಾಗ ಸಿಗುವುದು ಸುಲಭ. ಅಜ್ಜಿಯನ್ನು ಕರೆದೊಯ್ಯುವವರು ಬೇಗ ಏಳುವುದೇ ಲೇಸು.

ಬೆಂಗಳೂರು, ಮೈಸೂರುಗಳ ಕಡೆಯಿಂದ ಬರುವವರಿಗೆ ರೈಲೇ ಅಗ್ಗ. ರಾತ್ರಿಯ ರೈಲನ್ನು ಹಿಡಿದರೆ ಪ್ರಯಾಣವೂ ಆಯಿತು, ಒಂದು ರಾತ್ರಿಯ ಕೋಣೆಯ ಬಾಡಿಗೆಯೂ ಉಳಿಯಿತು. ಐದು ತುಂಬಿ ಹನ್ನೆರಡು ತುಂಬದ ಮಕ್ಕಳಿಗೆ ಮಲಗುವ ಸ್ಥಳ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ಣ ದರ. ಅಕ್ಕತಮ್ಮಂದಿರಿಬ್ಬರು ಒಂದೇ ಸ್ಥಳದಲ್ಲಿ ಹೊಂದಿಕೊಂಡು ಮಲಗಿದರೆ ಅರ್ಧ ಟಿಕೇಟಿನ ಹಣ ಉಳಿಯುತ್ತದೆ. ರೈಲಿನಲ್ಲಿ ಹಿರಿಯ ನಾಗರಿಕರಿಗಿದ್ದ ರಿಯಾಯಿತಿ 2020ರ ಮಾರ್ಚಿಯಲ್ಲಿ ನಿಂತಿತು. ಹಳೆಯ ನೆನಪನ್ನು ನೆಚ್ಚಿಕೊಂಡು ಅಜ್ಜಿಯ ಟಿಕೇಟಿಗೆ ಕಡಮೆ ಹಣ ಹಿಡಿಯುವುದು ಸಲ್ಲದು. 2024ರ ನವೆಂಬರಿನಿಂದ ಮುಂಗಡ ಕಾಯ್ದಿರಿಸುವಿಕೆಯ ಅವಧಿ 60 ದಿನಗಳಿಗೆ ಇಳಿದಿದೆ. ಆದ್ದರಿಂದ ಹೊರಡುವ ದಿನಕ್ಕೆ ಎರಡು ತಿಂಗಳ ಹಿಂದಿನ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಬೇಕು.

ಹೋಗಬೇಕಾದ ಕಾಲ

ಕಲಬುರಗಿಯ ಬಿಸಿಲು ಹೆಸರಾಂತದ್ದು. ಮೇ ತಿಂಗಳಲ್ಲಿ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟುವುದು ಅಲ್ಲಿ ವಿಶೇಷವೇನಲ್ಲ. ಬೇಸಗೆಯಲ್ಲಿ ಅಲ್ಲಿಯ ಸರ್ಕಾರಿ ಕಚೇರಿಗಳೇ ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿಯಿದೆ. ಸರ್ಕಾರವೇ ತಲೆಮರೆಸಿಕೊಳ್ಳುವ ಬಿಸಿಲಿನಲ್ಲಿ ಎಳೆಯ ಮಕ್ಕಳನ್ನೂ ವೃದ್ಧರನ್ನೂ ಕರೆದೊಯ್ಯುವುದು ವಿವೇಕವಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಈ ಸೀಮೆ ಬಲು ಹಿತ. ಆಗ ಹೊಲಗಳಲ್ಲಿ ಜೋಳ ನಿಂತಿರುತ್ತದೆ, ತೊಗರಿಯ ಹಳದಿ ಹೂವು ಕಾಯಿಗೆ ತಿರುಗುತ್ತಿರುತ್ತದೆ. ಡಿಸೆಂಬರಿನ ಕೊನೆಯ ವಾರದಲ್ಲಿ ಬರುವ ರಜೆಗೆ ಒಂದು ಭಾನುವಾರವನ್ನು ಜೋಡಿಸಿದರೆ ಮೂರು ದಿನಗಳು ಸಿಕ್ಕಿಯೇ ಸಿಗುತ್ತವೆ. ಬೇಸಗೆಯ ರಜೆಯಲ್ಲಿಯೇ ಪ್ರವಾಸ ಆಗಬೇಕೆಂಬ ಹಟವನ್ನು ಬಿಟ್ಟ ಸಂಸಾರಕ್ಕೆ ಅರ್ಧ ಖರ್ಚು ಅಲ್ಲಿಯೇ ತಗ್ಗಿದಂತೆ.

ಮಳೆಗಾಲದ ಕೊನೆಯಲ್ಲಿ ಬರುವವರು ಮಾತ್ರ ನದಿಯ ಸಮಾಚಾರವನ್ನು ಕೇಳಿಕೊಂಡು ಹೊರಡಬೇಕು. ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಭೀಮೆ ಏರುತ್ತಾಳೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿತೀರದ ಹಳ್ಳಿಗಳು ನೆರೆಯಲ್ಲಿ ಮುಳುಗಿದ್ದವು.

ಮೊದಲ ದಿನ: ಆಳಂದ

ಬೆಳಗ್ಗೆ ಕಲಬುರಗಿಗೆ ಬಂದಿಳಿದು, ಸ್ನಾನ ಉಪಾಹಾರ ಮುಗಿಸಿ ಆಳಂದದ ಬಸ್ಸು ಹತ್ತಬಹುದು. ದಾರಿಯಲ್ಲಿ ಕಡಗಂಚಿ ಸಿಗುತ್ತದೆ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯ ಇರುವುದು ಇಲ್ಲಿಯೇ. ಜೋಳದ ಹೊಲಗಳ ನಡುವೆ ಎದ್ದು ನಿಂತ ವಿದ್ಯಾಲಯದ ಕಟ್ಟಡಗಳನ್ನು ಬಸ್ಸಿನ ಕಿಟಕಿಯಿಂದ ತೋರಿಸಿದರೆ, ಓದು ನಗರಗಳ ಸ್ವತ್ತಲ್ಲವೆಂಬುದು ಮಕ್ಕಳಿಗೆ ಮಾತಿಲ್ಲದೆಯೇ ತಿಳಿಯುತ್ತದೆ.

ಆಳಂದ ಹಳೆಯ ಊರು. ಶಾಸನಗಳಲ್ಲಿ ಇದರ ಹೆಸರು ಅಲಂದೆ. ಹನ್ನೆರಡನೆಯ ಶತಮಾನದ ವೀರಶೈವ ಭಕ್ತ ಏಕಾಂತದ ರಾಮಯ್ಯನು ಹುಟ್ಟಿದ್ದು ಈ ಊರಿನಲ್ಲಿ ಎಂದು ಹಾವೇರಿ ಜಿಲ್ಲೆಯ ಅಬಲೂರಿನ ಪ್ರಸಿದ್ಧ ಶಾಸನ ಹೇಳುತ್ತದೆ. ಶಿವನೇ ಮಿಗಿಲೆಂದು ಸಾರಲು ತನ್ನ ತಲೆಯನ್ನೇ ಅರಿದುಕೊಟ್ಟು, ಮತ್ತೆ ಪಡೆದನೆಂಬ ಅವನ ಕಥೆಯನ್ನು ಬಸ್ಸಿನಲ್ಲಿಯೇ ಅಜ್ಜಿಯಿಂದ ಹೇಳಿಸಬಹುದು. ಇದೇ ಊರಿನಲ್ಲಿ ಸೂಫಿ ಸಂತರಾದ ಲಾಡ್ಲೆ ಮಶಾಯಕರ ದರ್ಗಾ ಇದೆ. ಸಂತ ತುಕಾರಾಮರ ಗುರುಪರಂಪರೆಗೆ ಸೇರಿದ ರಾಘವ ಚೈತನ್ಯರ ಹೆಸರೂ ಇದೇ ಊರಿನೊಡನೆ ಬೆಸೆದುಕೊಂಡಿದೆ. ಕನ್ನಡ, ಮರಾಠಿ, ಉರ್ದು ಮೂರು ನುಡಿಗಳು ಒಂದೇ ಅಂಗಡಿಯ ಮುಂದೆ ಕೇಳಿಬರುವ ಗಡಿಯ ಊರು ಇದು. ಮಕ್ಕಳು ಎಷ್ಟು ಭಾಷೆ ಕೇಳಿದರೆಂದು ಎಣಿಸಲಿ, ಅದಕ್ಕೆ ಪ್ರವೇಶಧನವಿಲ್ಲ.

ಸಮಯವಿದ್ದವರು ಕೊರಳ್ಳಿಯ ಬಳಿಯ ಅಮರ್ಜಾ ಜಲಾಶಯವನ್ನು ನೋಡಿ ಬರಬಹುದು. ಮರುದಿನ ಸಂಗಮದಲ್ಲಿ ಕಾಣಲಿರುವ ನದಿ ಇದೇ ಎಂದು ಮಕ್ಕಳಿಗೆ ಹೇಳಿಟ್ಟರೆ ಎರಡು ದಿನಗಳ ನಡುವೆ ಒಂದು ಕುತೂಹಲದ ಎಳೆ ಉಳಿದುಕೊಳ್ಳುತ್ತದೆ.

ಎರಡನೆಯ ದಿನ: ಗಾಣಗಾಪುರ

ಅಜ್ಜಿಯ ದಿನವೆಂದರೆ ಇದೇ. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವು ದತ್ತಭಕ್ತರ ಮಹಾಕ್ಷೇತ್ರ. ದತ್ತಾತ್ರೇಯನ ಅವತಾರವೆಂದು ನಂಬಲಾದ ನೃಸಿಂಹ ಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ಇಲ್ಲಿ ಇಪ್ಪತ್ತಕ್ಕೂ ಮಿಕ್ಕಿದ ವರ್ಷ ನೆಲೆಸಿದ್ದರು. ಅವರು ಶ್ರೀಶೈಲದ ಕಡೆಗೆ ಹೊರಟಾಗ ತಮ್ಮ ನಿರ್ಗುಣ ಪಾದುಕೆಗಳನ್ನು ಇಲ್ಲಿ ಬಿಟ್ಟುಹೋದರೆಂದು ಭಕ್ತರ ನಂಬಿಕೆ. ಇಲ್ಲಿಯ ಪೂಜೆ ಸಲ್ಲುವುದು ಆ ಪಾದುಕೆಗಳಿಗೆ. ಅವರ ಚರಿತ್ರೆಯಾದ ಗುರುಚರಿತ್ರೆಯನ್ನು ಮರಾಠಿಯಲ್ಲಿ ಬರೆದವರು ಸರಸ್ವತೀ ಗಂಗಾಧರರು. ಮಹಾರಾಷ್ಟ್ರದ ಮನೆಮನೆಗಳಲ್ಲಿ ಪಾರಾಯಣವಾಗುವ ಆ ಗ್ರಂಥದ ಮುಖ್ಯ ಕ್ಷೇತ್ರವೊಂದು ಕನ್ನಡ ನೆಲದಲ್ಲಿದೆ.

ದೇವಾಲಯದಿಂದ ಎರಡು ಮೂರು ಕಿಲೋಮೀಟರು ದೂರದಲ್ಲಿ ಭೀಮಾ ಅಮರ್ಜಾ ಸಂಗಮ. ಅಲ್ಲಿಗೆ ಆಟೋರಿಕ್ಷಾ ಸಿಗುತ್ತವೆ. ಹತ್ತುವ ಮುನ್ನವೇ ಬಾಡಿಗೆಯನ್ನು ಮಾತಾಡಿಕೊಂಡರೆ ಇಳಿಯುವಾಗ ಮಾತು ಬೆಳೆಯುವುದಿಲ್ಲ. ಬೆಳಗಿನ ಹೊತ್ತು ಸಂಗಮದಲ್ಲಿ ಸ್ನಾನ ಮಾಡುವವರ ಸಾಲೇ ಇರುತ್ತದೆ. ನದಿಯ ತಳ ಎಲ್ಲ ಕಡೆಯೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ಮಕ್ಕಳ ಕೈ ಬಿಡಬಾರದು. ಸ್ಥಳೀಯರು ಇಳಿಯುವ ಕಡೆಯಲ್ಲಿಯೇ ಇಳಿಯಬೇಕು.

ಗಾಣಗಾಪುರದಲ್ಲಿ ಕಾಣಲೇಬೇಕಾದದ್ದು ಮಧ್ಯಾಹ್ನದ ಮಾಧುಕರಿ. ದತ್ತಾತ್ರೇಯನು ಪ್ರತಿದಿನ ಮಧ್ಯಾಹ್ನ ಯಾವುದಾದರೊಂದು ವೇಷದಲ್ಲಿ ಈ ಊರಿಗೆ ಭಿಕ್ಷೆಗೆ ಬರುತ್ತಾನೆಂದು ಇಲ್ಲಿಯ ನಂಬಿಕೆ. ಆದುದರಿಂದ ಬಂದ ಭಕ್ತರಲ್ಲಿ ಹಲವರು ಕನಿಷ್ಠ ಐದು ಮನೆಗಳಲ್ಲಿ ಭಿಕ್ಷೆ ಬೇಡಿ ಪ್ರಸಾದವೆಂದು ಸ್ವೀಕರಿಸುತ್ತಾರೆ. ಅನುಕೂಲವಿದ್ದವರು ಅನ್ನ ನೀಡುತ್ತಾರೆ. ಕಾರಿನಲ್ಲಿ ಬಂದ ವ್ಯಾಪಾರಿಯೂ ಬಸ್ಸಿನಲ್ಲಿ ಬಂದ ಗುಮಾಸ್ತನೂ ಒಂದೇ ಸಾಲಿನಲ್ಲಿ ಕೈಯೊಡ್ಡಿ ನಿಲ್ಲುತ್ತಾರೆ. ಬೇಡುವವನು ದೇವರೇ ಇರಬಹುದೆಂಬ ಅನುಮಾನದಿಂದ ನೀಡುವವನು ಯಾರನ್ನೂ ಕೀಳಾಗಿ ಕಾಣುವಂತಿಲ್ಲ. ಹಣ ಕಡಮೆಯಿದ್ದವನು ತಲೆತಗ್ಗಿಸಬೇಕಾಗಿಲ್ಲ ಎಂಬುದನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆಯನ್ನು ಹುಡುಕುವುದು ಕಷ್ಟ.

ಮಾರ್ಗಶಿರ ಮಾಸದ ದತ್ತಜಯಂತಿ, ಹುಣ್ಣಿಮೆ ಮತ್ತು ಗುರುವಾರಗಳಲ್ಲಿ ಇಲ್ಲಿ ಜನಸಾಗರ. ವ್ರತ ನೇಮಗಳಿದ್ದವರು ಅಂದೇ ಬರಲಿ; ಉಳಿದವರು ಬೇರೆ ದಿನ ಬಂದರೆ ದರ್ಶನವೂ ನೆಮ್ಮದಿಯಾಗುತ್ತದೆ. ಮುಂಬಯಿ, ಸೊಲ್ಲಾಪುರಗಳ ಕಡೆಯಿಂದ ಬರುವವರಿಗೆ ಗಾಣಗಾಪುರ ರೋಡ್ ಎಂಬ ರೈಲು ನಿಲ್ದಾಣವಿದೆ. ಆದರೆ ನಿಲ್ದಾಣಕ್ಕೂ ಕ್ಷೇತ್ರಕ್ಕೂ ನಡುವೆ ಸುಮಾರು 20 ಕಿಲೋಮೀಟರುಗಳ ಅಂತರವಿದೆ. ಹೆಸರನ್ನು ನೋಡಿ ಅಪರಾತ್ರಿಯಲ್ಲಿ ಇಳಿದು ಮಕ್ಕಳೊಡನೆ ಪರದಾಡುವುದು ಬೇಡ. ಇನ್ನೂ ಹೊತ್ತಿದ್ದವರು ಇದೇ ತಾಲ್ಲೂಕಿನ ಭೀಮಾತೀರದ ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಯ ದರ್ಶನ ಮಾಡಬಹುದು.

ಮೂರನೆಯ ದಿನ: ಜೇವರ್ಗಿ

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಹೆದ್ದಾರಿ ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟುತ್ತದೆ. ಹಿಂದಿನ ದಿನ ಸಂಗಮದಲ್ಲಿ ಕಂಡ ನೀರು ಇಲ್ಲಿ ಸೇತುವೆಯ ಕೆಳಗೆ ಹರಿಯುವುದನ್ನು ಮಕ್ಕಳು ಗುರುತಿಸಿದರೆ ಭೂಗೋಳದ ಪಾಠ ಮುಗಿದಂತೆಯೇ. ಜೇವರ್ಗಿಯು ಷಣ್ಮುಖ ಶಿವಯೋಗಿಗಳ ಊರು. ಹದಿನೇಳನೆಯ ಶತಮಾನದಲ್ಲಿ ಬಾಳಿದ ಅವರು ಅಖಂಡೇಶ್ವರ ಎಂಬ ಅಂಕಿತದಲ್ಲಿ ಏಳುನೂರಕ್ಕೂ ಮಿಕ್ಕ ವಚನಗಳನ್ನು ರಚಿಸಿದರು. ಬಸವಾದಿ ಶರಣರು ಬಾಳಿ ಐದು ಶತಮಾನಗಳು ಕಳೆದ ಮೇಲೂ ವಚನದ ಒರತೆ ಬತ್ತಿರಲಿಲ್ಲ ಎಂಬುದಕ್ಕೆ ಈ ಊರೇ ಸಾಕ್ಷಿ.

ಮಧ್ಯಾಹ್ನದ ಹೊತ್ತಿಗೆ ಕಲಬುರಗಿಗೆ ಮರಳಿದರೆ ರಾತ್ರಿಯ ರೈಲಿನವರೆಗೆ ನಗರದಲ್ಲಿ ನೋಡಲು ಬೇಕಾದಷ್ಟಿದೆ. ಕೋಟೆಯೊಳಗಿನ ಜಾಮಿ ಮಸೀದಿಯನ್ನು ಕಟ್ಟಿದ್ದು 1367ರಲ್ಲಿ. ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತೆರೆದ ಅಂಗಳ ಇಲ್ಲಿಲ್ಲ. ಇಡೀ ಕಟ್ಟಡಕ್ಕೆ ಚಾವಣಿಯಿದೆ. ಸಾಲುಸಾಲಾದ ಕಮಾನುಗಳ ನೆರಳಿನಲ್ಲಿ ನಿಂತರೆ ಹೊರಗಿನ ಬಿಸಿಲೇ ಮರೆತುಹೋಗುತ್ತದೆ. 1422ರಲ್ಲಿ ದೇಹವಿಟ್ಟ ಖ್ವಾಜಾ ಬಂದೇನವಾಜರ ದರ್ಗಾ, ಶರಣಬಸವೇಶ್ವರರ ದೇವಾಲಯ, ಬುದ್ಧ ವಿಹಾರ ಇವುಗಳಲ್ಲಿ ಕಾಲಿಗೆ ಸಾಧ್ಯವಾದಷ್ಟನ್ನು ನೋಡಬಹುದು. ಎಲ್ಲವನ್ನೂ ನೋಡಲೇಬೇಕೆಂಬ ಆತುರ ಬೇಡ. ದಣಿದ ಮಗುವಿಗೆ ಏಳನೆಯ ಸ್ಮಾರಕವೂ ಒಂದೇ, ಎಂಟನೆಯ ಸ್ಮಾರಕವೂ ಒಂದೇ.

ಇನ್ನೊಂದು ದಿನ ಕೈಯಲ್ಲಿದ್ದವರು ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಬಿಡಬಾರದು. ಇದೇ ಭೀಮೆಯ ದಂಡೆಯಲ್ಲಿರುವ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕ ಚಕ್ರವರ್ತಿಯ ಶಾಸನವೆಂದು ಗೊತ್ತಾಯಿತು. ಸಮೀಪದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೇ ದೊರೆಯಿತು. ಪಠ್ಯಪುಸ್ತಕದ ಚಕ್ರವರ್ತಿಯನ್ನು ಕಲ್ಲಿನಲ್ಲಿ ಕಂಡ ಮಗು ಇತಿಹಾಸವನ್ನು ಬಾಯಿಪಾಠವೆಂದು ತಿಳಿಯಲಾರದು.

ಮನೆಯೊಡತಿಗೂ ರಜೆ ಬೇಕು

ಮಿತವ್ಯಯದ ಹೆಸರಿನಲ್ಲಿ ಸ್ಟೌವು, ಪಾತ್ರೆ, ಅಕ್ಕಿಗಳನ್ನು ಹೊತ್ತುಕೊಂಡು ಹೋಗುವ ಪ್ರವಾಸಗಳುಂಟು. ಅಂಥ ಪ್ರವಾಸದಲ್ಲಿ ಉಳಿದವರಿಗೆಲ್ಲ ರಜೆ. ಗೃಹಿಣಿಗೆ ಮಾತ್ರ ಅಡುಗೆಯ ಮನೆ ಬದಲಾಗುತ್ತದೆ, ಅಷ್ಟೆ. ಇದು ಉಳಿತಾಯವಲ್ಲ, ಒಬ್ಬಳ ದುಡಿಮೆಯನ್ನು ಲೆಕ್ಕದ ಪುಸ್ತಕದಿಂದ ಮರೆಮಾಚುವ ಉಪಾಯ.

ಈ ಸೀಮೆಯ ಆಹಾರವೇ ಇದಕ್ಕೆ ಪರಿಹಾರವನ್ನೂ ಒದಗಿಸುತ್ತದೆ. ಕಟಿ ಜೋಳದ ರೊಟ್ಟಿ ಹಲವು ದಿನ ಕೆಡುವುದಿಲ್ಲ. ಒಂದು ಕಟ್ಟು ರೊಟ್ಟಿ, ಶೇಂಗಾ ಹಿಂಡಿ, ಒಂದಿಷ್ಟು ಕೆನೆಮೊಸರು ಇದ್ದರೆ ಐದು ಜನರ ಮಧ್ಯಾಹ್ನದ ಊಟ ಮರದ ನೆರಳಿನಲ್ಲಿ ಮುಗಿಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಜಿಲ್ಲೆಯ ಮಹಿಳಾ ಸ್ವಸಹಾಯ ಸಂಘಗಳು ತಟ್ಟಿದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬರುತ್ತಿದೆ. ರಾತ್ರಿಗೆ ಯಾವುದಾದರೊಂದು ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ. ಮನೆಗೆ ಕೊಂಡೊಯ್ಯುವ ನೆನಪಿನ ವಸ್ತುವೂ ಇಲ್ಲಿ ತಿನ್ನುವಂಥದೇ. 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆಯನ್ನು ನಾಲ್ಕು ಕಿಲೋ ಕೊಂಡರೆ ಅದು ಖರ್ಚಿನ ಪಟ್ಟಿಯಿಂದ ದಿನಸಿಯ ಪಟ್ಟಿಗೆ ದಾಟಿಕೊಳ್ಳುತ್ತದೆ.

ದಾಸೋಹದ ವಿಷಯದಲ್ಲಿ ಒಂದು ಮಾತು. ಈ ಭಾಗದ ಮಠಗಳಲ್ಲಿ, ದೇವಾಲಯಗಳಲ್ಲಿ ಬಂದವರಿಗೆ ಅನ್ನವಿಕ್ಕುವ ಸಂಪ್ರದಾಯ ಬಹು ಹಳೆಯದು. ಅದರಲ್ಲಿ ಸಂಕೋಚವಿಲ್ಲದೆ ಭಾಗಿಗಳಾಗಬಹುದು. ಆದರೆ ದಾಸೋಹವನ್ನು ಪುಕ್ಕಟೆಯ ಹೋಟೆಲೆಂದು ತಿಳಿಯುವುದು ತಪ್ಪು. ಪ್ರವಾಸದ ಲೆಕ್ಕದಲ್ಲಿ ಕಾಣಿಕೆಗೆಂದು ಒಂದು ಮೊತ್ತವನ್ನು ಮೊದಲೇ ತೆಗೆದಿರಿಸಿ, ಉಂಡ ಕಡೆ ಅದನ್ನು ಮಕ್ಕಳ ಕೈಯಿಂದಲೇ ಹಾಕಿಸಿದರೆ ಉಂಡ ಅನ್ನಕ್ಕೂ ಘನತೆ, ಕೊಟ್ಟ ಕೈಗೂ ಘನತೆ.

ಎಳ್ಳ ಅಮಾವಾಸ್ಯೆಯ ಪಾಠ

ಕಡಮೆ ಖರ್ಚಿನ ರಜೆಯನ್ನು ಈ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಡಿಸೆಂಬರ್ ಜನವರಿಗಳ ನಡುವೆ ಬರುವ ಎಳ್ಳ ಅಮಾವಾಸ್ಯೆಯಂದು ಇಲ್ಲಿಯ ರೈತರು ಮನೆಮಂದಿಯೆಲ್ಲ ಕೂಡಿ, ನೆಂಟರಿಷ್ಟರನ್ನು ಕರೆದುಕೊಂಡು, ಅಡುಗೆಯ ಬುಟ್ಟಿಗಳೊಡನೆ ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ರೊಟ್ಟಿ, ಹಲವು ಕಾಯಿ ಕಾಳುಗಳ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ ಅಂದಿನ ಭಕ್ಷ್ಯಗಳು. ಬೆಳೆಗೆ ಪೂಜೆ ಸಲ್ಲಿಸಿ, ಹೊಲದ ಸುತ್ತ ಚರಗ ಚೆಲ್ಲಿ, ಭೂತಾಯಿಗೆ ಉಣಿಸಿದ ಮೇಲೆ ಎಲ್ಲರೂ ಸಾಲಾಗಿ ಕುಳಿತು ಉಣ್ಣುತ್ತಾರೆ. ಹೊಲವಿಲ್ಲದ ಪಟ್ಟಣದ ಗೆಳೆಯರಿಗೆ ಅಂದು ಕರೆ ತಪ್ಪದೆ ಬರುತ್ತದೆ. ಆ ದಿನ ಊರು ಬರಿದಾಗಿ ಹೊಲ ತುಂಬುತ್ತದೆ. ಅಲ್ಲಿ ಟಿಕೇಟಿಲ್ಲ, ಕೋಣೆಯ ಬಾಡಿಗೆಯಿಲ್ಲ. ದೂರ ಕಡಮೆ, ರಾತ್ರಿ ಸೊನ್ನೆ, ಋತು ಹಿತ. ಖರ್ಚಿನ ಮೂರು ಮೂಲಗಳನ್ನು ಹಿರಿಯರು ಒಂದೇ ಹಬ್ಬದಲ್ಲಿ ಗೆದ್ದಿದ್ದರು.

ಕಲಬುರಗಿಯಲ್ಲಿಯೇ ವಾಸವಾಗಿರುವ ಕುಟುಂಬಗಳು ಈ ಪಾಠವನ್ನು ಇಡೀ ಪ್ರವಾಸಕ್ಕೆ ಅನ್ವಯಿಸಿಕೊಳ್ಳಬಹುದು. ಮೂರು ದಿನಗಳನ್ನು ಮೂರು ಭಾನುವಾರಗಳನ್ನಾಗಿ ಬಿಡಿಸಿದರೆ ಕೋಣೆಯ ಖರ್ಚು ಪೂರ್ತಿ ಮಾಯವಾಗಿ, ಉಳಿಯುವುದು ಆ ಒಂದೂವರೆ ಟಿಕೇಟು ಮಾತ್ರ.

ಲೆಕ್ಕದ ಪುಸ್ತಕ ಮಗಳ ಕೈಯಲ್ಲಿ

ಹಣ ಕೂಡಿಸುವ ಬಗೆಯೂ ಸರಳವೇ. ಉದಾಹರಣೆಗೆ ತಿಂಗಳಿಗೆ 800 ರೂಪಾಯಿಯಂತೆ ಬ್ಯಾಂಕಿನ ಆವರ್ತ ಠೇವಣಿಯಲ್ಲಿ ಹತ್ತು ತಿಂಗಳು ಕಟ್ಟಿದರೆ ಅಸಲೇ 8,000 ರೂಪಾಯಿ ಆಗುತ್ತದೆ. ಹೊರಡುವ ಮುನ್ನ ಅದನ್ನು ಐದು ಲಕೋಟೆಗಳಲ್ಲಿ ಹಂಚಬೇಕು: ಪ್ರಯಾಣ, ವಸತಿ, ಊಟ, ಕಾಣಿಕೆ ಹಾಗೂ ಖರೀದಿ, ಆಪತ್ತು. ಕೊನೆಯ ಲಕೋಟೆಯನ್ನು ಅಂಟಿಸಿಯೇ ಇಡಬೇಕು. ಮಗುವಿಗೆ ಜ್ವರ ಬಂದರೆ, ಕೊನೆಯ ಬಸ್ಸು ತಪ್ಪಿದರೆ ಮಾತ್ರ ಅದನ್ನು ಒಡೆಯುವುದು. ಒಡೆಯದೆ ಮನೆಗೆ ಮರಳಿದರೆ ಅದೇ ಮುಂದಿನ ವರ್ಷದ ಪ್ರವಾಸಕ್ಕೆ ಮೊದಲ ಕಂತು.

ಜಮಾಖರ್ಚಿನ ಪುಸ್ತಕವನ್ನು ಹನ್ನೊಂದರ ಮಗಳಿಗೆ ಒಪ್ಪಿಸುವುದು ಒಳ್ಳೆಯದು. ಎಂಟರ ಮಗನಿಗೆ ಟಿಕೇಟುಗಳನ್ನು ಕಾಯುವ ಕೆಲಸ. ಅನೇಕ ಮನೆಗಳಲ್ಲಿ ಹಣದ ಮಾತು ಮಕ್ಕಳ ಕಿವಿಗೆ ಬೀಳುವುದು ಜಗಳದ ರೂಪದಲ್ಲಿಯೇ. ತಂದೆಯ ಜೇಬಿನಲ್ಲಿ ಎಷ್ಟಿದೆ, ಅದರಲ್ಲಿ ಏನೇನು ಸಾಧ್ಯ ಎಂಬುದನ್ನು ಸಂತೋಷದ ಸಮಯದಲ್ಲಿ ಕಂಡ ಮಗು, ಬಡತನಕ್ಕೂ ಮಿತವ್ಯಯಕ್ಕೂ ಇರುವ ಅಂತರವನ್ನು ಅರಿತುಕೊಳ್ಳುತ್ತದೆ. ಎದುರುಮನೆಯ ಕಾಶ್ಮೀರದ ಮಾತು ಆಗ ಅದನ್ನು ಅಷ್ಟಾಗಿ ನೋಯಿಸುವುದಿಲ್ಲ.

ಕಾಶ್ಮೀರಕ್ಕೆ ಹೋಗಬಾರದೆಂದಲ್ಲ. ಕೈಯಲ್ಲಿ ಕಾಸಿದ್ದಾಗ ಹೋಗಬಹುದು. ಹಿಮಾಲಯ ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುವುದು ಮಗುವಿನ ಎಂಟನೆಯ ವರ್ಷ, ಅಜ್ಜಿಯ ಮೊಣಕಾಲಿನ ಬಲ. ಆದುದರಿಂದ ಈ ವರ್ಷದ ಕ್ಯಾಲೆಂಡರಿನಲ್ಲಿ ಮೂರು ದಿನಗಳಿಗೆ ಗುರುತು ಹಾಕಿ, ಅದರ ಕೆಳಗೆ ಐವರ ಹೆಸರನ್ನೂ ಬರೆದಿಟ್ಟರೆ ಪ್ರವಾಸದ ಅರ್ಧ ಸಿದ್ಧತೆ ಮುಗಿದಂತೆ. ಉಳಿದರ್ಧವನ್ನು ಒಂದೂವರೆ ಟಿಕೇಟು ನೋಡಿಕೊಳ್ಳುತ್ತದೆ.